ಚೌತಿಯ ದಿನ ಚಂದ್ರನನ್ನು ಕೇಳಿದ್ದು

ರೇಡಿಯೋ ತರಂಗವನ್ನು ಚಂದ್ರನತ್ತ ಕಳಿಸಿ, ಅದು ಅಲ್ಲಿ ಬಡಿದು ತಿರುಗಿ ಬರುವುದನ್ನು ಇಲ್ಲಿ ಹಿಡಿಯಬಹುದು ಎಂದು ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಓದಿದಾಗಿನಿಂದ ನನಗೆ ಬೇರೆ ಯಾವುದರಲ್ಲೂ ಮನಸ್ಸಿರಲಿಲ್ಲ. ಅರವತ್ತರ ದಶಕದ ನಡುವಿನ ಮಾತು. ಧಾರವಾಡದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಚಂದ್ರನವರೆಗೆ ಕಳಿಸುವ ಶಕ್ತಿ ನನ್ನ ಯಂತ್ರಕ್ಕಿರಲಿಲ್ಲ, ಕೇಳಿಸಿಕೊಂಡರೆ ಸಾಕಿತ್ತು. ಮಾಳಿಗೆಯ ಮೇಲೆ ಬಿದಿರು ಬಗ್ಗಿಸಿ, ತಂತಿಜಾಳಿಗೆ ಬಿಗಿದು, ಎರಡಾಳೆತ್ತರದ ಬುಟ್ಟಿಯಂಥ ಆಂಟೆನಾ ಕಟ್ಟಿದೆ. ಅದರ ನಡುವೆ ಒಂದು ಕೊಳವೆ. ಅದರಲ್ಲಿ ಕಣ್ಣಿಟ್ಟಾಗ ಚಂದ್ರ ಕಂಡರೆ ಗುರಿ ಸರಿ.

ಪರದೇಶದ ದೊಡ್ಡ ಸ್ಟೇಷನ್ನೊಂದು ಚಂದ್ರನತ್ತ ಮೋರ್ಸ್ ಸಂಕೇತ ಕಳಿಸುವ ದಿನ ಗೊತ್ತಾಯಿತು. ಪಂಚಾಂಗ ತೆಗೆದು ನೋಡಿದರೆ ಗಣೇಶ ಚೌತಿ! ನನ್ನ ಹಣೆಬರಹಕ್ಕೆ ನಾನೇ ಬೈದುಕೊಂಡೆ.

ಚೌತಿಯ ಚಂದ್ರನನ್ನು ನೋಡಿದರೆ ಸುಳ್ಳು ಅಪವಾದ ಬರುತ್ತದೆ ಎಂದು ಎಲ್ಲರ ಮನೆಯಲ್ಲೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದು ಬರೀ ಹೇಳುವ ಮಾತಾಗಿರಲಿಲ್ಲ. ಅಪ್ಪ ಕಚೇರಿಯ ಉಗ್ರಾಣ ನೋಡಿಕೊಳ್ಳುತ್ತಿದ್ದಾಗ, ಸಾಮಾನು ಕದ್ದ ಆರೋಪ ಹೊತ್ತು ಎರಡು ವರ್ಷ ಮನೆಯಲ್ಲಿ ಕೂತಿದ್ದರು. ಕೊನೆಗೆ ನಿಜವಾದ ಕಳ್ಳ ಸಿಕ್ಕ, ಕೆಲಸವೂ ತಿರುಗಿ ಸಿಕ್ಕಿತು. ಆದರೆ ಆ ವರ್ಷ ತಾವು ಚೌತಿಯ ಚಂದ್ರನನ್ನು ನೋಡಿದ್ದು ಅವರ ಮನಸ್ಸಿನಿಂದ ಹೋಗಲಿಲ್ಲ. ಅಂದಿನಿಂದ ಪ್ರತಿ ಚೌತಿಗೆ ಸಂಜೆಯಾಗುವ ಮೊದಲೇ ಕಿಟಕಿ ಹಾಕಿಕೊಂಡು ಒಳಗೆ ಕೂಡುತ್ತಿದ್ದರು.

"ನಿನ್ನ ಯಂತ್ರ ಏನರ ಮಾಡಕೋ. ಆದ್ರ ನೀ ಚಂದ್ರನ್ನ ನೋಡೂದಿಲ್ಲಂತ ನನಗ ಮಾತು ಕೊಡು," ಎಂದರು ಅಪ್ಪ. ಕೊಟ್ಟೆ. ನೋಡದೆ ಗುರಿ ಹಿಡಿಯುವುದು ಹೇಗೆ ಎಂದು ಮಾತ್ರ ತಿಳಿಯಲಿಲ್ಲ. ಲೆಕ್ಕ ಹಾಕಿದೆ, ನನ್ನ ಲೆಕ್ಕದ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಪಾರು ಮಾಡಿದವರು ಪಕ್ಕದ ಮನೆಯ ಚಾಚಾ, ತಗಡಿನ ಕೆಲಸದವರು. ರಮಜಾನ್ ಮುಗಿಯುವಾಗ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಎಳೆ ಚಂದ್ರನನ್ನು ಕಂಡು ಹೇಳುತ್ತಿದ್ದ ಕಣ್ಣು ಅವರದು. "ನಿಮಗ ಬ್ಯಾಡಾದ ಚಂದ್ರ ನಮಗ ನಡೀತಾನ್ರಿ ಮಾಸ್ತರ," ಎಂದು ನಗುತ್ತ ಮಾಳಿಗೆ ಹತ್ತಿದರು. ಹೊತ್ತು ಇನ್ನೂ ಮುಳುಗಿರಲಿಲ್ಲ. ಅವರು ಕೊಳವೆಗೆ ಕಣ್ಣಿಟ್ಟರು. ನಾನು ನೆಲ ನೋಡುತ್ತ ಬುಟ್ಟಿ ಸರಿಸಿದೆ.

"ಸ್ವಲ್ಪ ಎಡಕ್ಕ... ಇನ್ನಷ್ಟು ಮ್ಯಾಲ... ಬಸ್, ಸಿಕ್ಕ!"

ಬುಟ್ಟಿಯನ್ನು ಅವರ ಕೈಗೆ ಬಿಟ್ಟು ಕೆಳಗೆ ಓಡಿ ಹೆಡ್‌ಫೋನ್ ಹಾಕಿಕೊಂಡೆ. ಮೊದಲು ಬರೀ ಕಡಲೆ ಹುರಿದಂಥ ಸದ್ದು. ಆಮೇಲೆ ಅದರ ಅಡಿಯಿಂದ ಸಣ್ಣಗೆ, ತಡೆದು ತಡೆದು, ಮೋರ್ಸ್. ಅಕ್ಷರ ಒಂದೊಂದಾಗಿ ಬರೆದುಕೊಂಡೆ. ಆ ಸ್ಟೇಷನ್ನಿನದೇ ಗುರುತು. ಉಸ್ಸಪ್ಪಾ ಎಂದು ಗೋಡೆಗೆ ಒರಗಿದೆ. ಚಂದ್ರನೂ ಸಿಕ್ಕಿದ್ದ, ಕೊಟ್ಟ ಮಾತೂ ಉಳಿದಿತ್ತು. ಅಷ್ಟು ಹಗುರವಾಗಿ ನಾನು ಎಂದೂ ಉಸಿರಾಡಿದ್ದಿಲ್ಲ.

ನೋಡಿದರೆ ಅಪ್ಪ ಬಂದು ಪಕ್ಕದಲ್ಲೇ ನಿಂತಿದ್ದರು. "ಕೇಳಿದ್ರ ದೋಷ ಇಲ್ಲಲ್ಲ?"

ಇಲ್ಲವೆಂದು ಹೆಡ್‌ಫೋನನ್ನು ಅವರ ಕಿವಿಗಿಟ್ಟೆ. ಬಹಳ ಹೊತ್ತು ಕೇಳಿದರು.

"ಅವರು ಕಳಿಸಿದ್ದು ಹೆಂಗಿತ್ತೋ ಹಂಗ ಹೇಳ್ಯಾನೇನು ಚಂದ್ರ? ತನ್ನದೇನೂ ಸೇರಿಸಿಲ್ಲಲ್ಲ?"

"ಇಲ್ಲಪ್ಪಾ. ಕಳಿಸಿದ್ದಷ್ಟ."

ಅಪ್ಪ ಹೆಡ್‌ಫೋನ್ ತೆಗೆದಿಟ್ಟು ಕಿಟಕಿಯ ಹತ್ತಿರ ಹೋದರು. ಚಿಲಕ ಸರಿಸಿ, ಎರಡೂ ಕದ ತೆರೆದು, ಮಾಳಿಗೆಯತ್ತ ಮುಖ ಎತ್ತಿ, "ಸಾಕು ಬರ್ರಿ, ಕಡಬು ಆರಾಕತ್ತಾವ," ಎಂದು ಚಾಚಾ ಅವರನ್ನು ಕೂಗಿದರು.