ತೂಕದ ಕೂಗಿಗೆ ಎರಡು ಕೀ

ಎಂಬತ್ತರ ದಶಕದ ಕೊನೆಗೆ ರೈತರ ಶೇಂಗಾ ತೂಗಿ ಮಾರಿಸಿಕೊಡುವ ಗುಡಗೇರಿಯ ನಮ್ಮ ಅಡತಿ ಅಂಗಡಿಗೆ ಕಂಪ್ಯೂಟರ್ ಬಂತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಟೈಪಿಂಗ್ ಕಲಿಸಿದ್ದರೆಂದು ಮಾವನವರು ನನ್ನನ್ನೇ ಅದರ ಮುಂದೆ ಕೂಡಿಸಿದರು. ಮದುವೆಯಾದ ಮೇಲೆ ಅಡಿಗೆಮನೆಯ ಹೊರಗೆ ನನಗೆ ಸಿಕ್ಕ ಮೊದಲ ಕೆಲಸ ಅದು.

ಪರದೆಯ ಮೇಲೊಂದು ಕೋಷ್ಟಕ: ರೈತರ ಹೆಸರು, ಚೀಲ, ತೂಕ. ಒಂದು ಸಾಲು ಮುಗಿದರೆ ಬಾಣದ ಕೀ ಒತ್ತುತ್ತ ಎಡಕ್ಕೆ ಬಂದು, ಕೆಳಗಿಳಿದು, ಅದೇ ಹೆಸರನ್ನು ಮತ್ತೆ ಬಡಿಯಬೇಕು. ಅಷ್ಟರಲ್ಲಿ ತೂಗುವ ಕಾಕಾ ಮುಂದಿನ ಚೀಲದ ತೂಕ ಕೂಗಿಬಿಟ್ಟಿರುತ್ತಿದ್ದರು.

“ಕಾಕಾ, ಸ್ವಲ್ಪ ತಡೀರಿ.”

“ಲಾಭ ಅಂತ ಎಣಿಕಿ ಹಿಡದ ಮ್ಯಾಲೆ ನಡುವ ನಿಲ್ಲಂಗಿಲ್ಲವ್ವಾ. ರಾಶಿ ಮುನೀತೈತಿ. ನಿಮ್ಮ ಪೆಟ್ಟಿಗಿಗೇ ಹೇಳ್ರಿ, ಲಗೂ ನಡಿ ಅಂತ.”

ಮೊದಲ ಚೀಲಕ್ಕೆ ಒಂದು ಅನ್ನದೆ ಲಾಭ ಅನ್ನುವುದು ನಮ್ಮ ಕಡೆಯ ರೂಢಿ. ಒಬ್ಬ ರೈತನ ರಾಶಿ ಮುಗಿಯುವ ತನಕ ಆ ಎಣಿಕೆ ಕಡಿಯುವಂತಿಲ್ಲ.

ಮಾವನವರು ನೋಡಿ ನೋಡಿ, “ಮುಂದಿನ ಸಂತಿಗೂ ಹಿಂಗಾದ್ರ ಗುಮಾಸ್ತಗ ಪೆನ್ನು ಕೊಡೂದು. ನೀ ಬರೂದು ಬ್ಯಾಡ,” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ದಿಗಿಲಾಯಿತು.

ಪ್ರೋಗ್ರಾಂ ಬರೆದವರು ಹುಬ್ಬಳ್ಳಿಯಿಂದ ಬಂದಾಗ ಹೇಳಿದೆ: “ಹೆಸರು ತಾನಾಗೇ ಕೆಳಗ ಇಳೀಬೇಕ್ರಿ. ನನ್ನ ಕೈ ತೂಕದ ಖಾನೆ ಬಿಟ್ಟು ಅಲ್ಲಾಡಬಾರದು.”

ಅವರು ಎರಡು ಕೀ ಹೊಂದಿಸಿಕೊಟ್ಟರು. ಎಂಟರ್ ಒತ್ತಿದರೆ ಮೇಲಿನ ಹೆಸರು, ಮುಂದಿನ ಚೀಲದ ನಂಬರು ಎರಡೂ ಕೆಳಗಿನ ಸಾಲಿಗೆ ಬರುತ್ತಿದ್ದವು. ಎಫ್ ಎರಡು ಒತ್ತಿದರೆ ಹೊಸ ರೈತನಿಗೆ ಖಾಲಿ ಸಾಲು.

ಸಂತೆಯ ದಿನ ಮಾವನವರು ನನ್ನ ಹಿಂದೆಯೇ ನಿಂತರು. ಕಾಕಾ ಬೇಕಂತಲೇ ಲಗುಬಗೆಯಿಂದ ಕೂಗುತ್ತಿದ್ದಂತಿತ್ತು. ಕುಬಿಹಾಳದ ರೈತರೊಬ್ಬರ ರಾಶಿ ಅರ್ಧ ಆದಾಗ ಗಡಿಬಿಡಿಯಲ್ಲಿ ಎಫ್ ಎರಡು ಒತ್ತಿಬಿಟ್ಟೆ. ಹೆಸರಿನ ಖಾನೆ ಖಾಲಿ.

“ಹೆಸರು ಎಲ್ಲೈತಿ?” ಮಾವನವರು ಕೇಳಿದರು.

“ಇರಲ್ರಿ, ಮೊದಲ ತೂಕ,” ಅಂದೆ. ಅವರಿಗೆ ನಾನು ಹಾಗೆ ಎದುರು ಹೇಳಿದ್ದು ಅದೇ ಮೊದಲು. ಹೆಸರಿಲ್ಲದ ಸಾಲುಗಳಲ್ಲೇ ತೂಕ ತುಂಬುತ್ತ ಹೋದೆ.

ರಾಶಿ ಮುಗಿಯಿತು. ಕಾಕಾ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು ಚಹಾಕ್ಕೆ ಹೋದರು. ನಾನು ಮೇಲೆ ಹತ್ತಿ, ಖಾಲಿ ಬಿಟ್ಟ ಮೊದಲ ಸಾಲಿಗೆ ಹೆಸರು, ಚೀಲದ ನಂಬರು ಬಡಿದು, ಎಂಟರ್ ಒತ್ತುತ್ತ ಕೆಳಗಿಳಿಸಿದೆ. ಮುಂದಿನ ನಂಬರುಗಳೂ ಸರಿಯಾಗಿ ಕೂತವು.

ಕಾಕಾ ಚಹಾದ ಬಸಿ ಹಿಡಿದುಕೊಂಡೇ ಬಂದು ಇಣುಕಿದರು. “ಹಿಂದ ಬೀಳಲಿಲ್ಲ ಬಿಡ್ರಿ ಈ ಸಲ.”

ಮಾವನವರು ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡರು. “ಬರೂ ಸಂತಿಗೆ ಬುತ್ತಿ ಕಟಗೊಂಡ ಬಾ. ನಡುವ ಮನಿಗೆ ಹೋಗಿ ಬರಾಕ ಆಗೂದಿಲ್ಲ,” ಅಂದರು.