ಹೋಗುವವರ ಕೈಯಲ್ಲಿ

ಆ ವರ್ಷ ರಂಜಾನ್ ತಿಂಗಳಿಡೀ ನಮ್ಮ ಆಫೀಸಿನಲ್ಲಿ ಇಬ್ಬರು ಅಮೆರಿಕನ್ನರು ಜಗಳವಾಡಿದರು. ಕತಾರಿನ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನ ಪಕ್ಕ ಸಾಲಾಗಿ ನಿಲ್ಲಿಸಿದ್ದ ಪೋರ್ಟಾ ಕ್ಯಾಬಿನ್‌ಗಳಲ್ಲಿ ಒಂದು ನಮ್ಮದು. ಒಂದು ತುದಿಯಲ್ಲಿ ಮ್ಯಾನೇಜರ್, ಇನ್ನೊಂದು ತುದಿಯಲ್ಲಿ ವೆಲ್ಡಿಂಗ್ ತಪಾಸಣೆ ಮಾಡುವ ಮುದುಕ, ನಡುವೆ ನಾನು. ನನ್ನದು ಸೆಕ್ರೆಟರಿ ಕೆಲಸ. ಡ್ರಾಯಿಂಗುಗಳನ್ನು ನೋಡಿಕೊಳ್ಳಬೇಕು, ಗೇಟ್ ಪಾಸ್ ಮಾಡಿಸಬೇಕು, ದೋಹಾದ ದೊಡ್ಡ ಪೋಸ್ಟ್ ಆಫೀಸಿನಲ್ಲಿದ್ದ ಕಂಪನಿಯ ಪೋಸ್ಟ್ ಬಾಕ್ಸ್‌ನಿಂದ ಟಪಾಲು ತರಬೇಕು. ಇಬ್ಬರ ಬೈಗುಳದ ನಡುವೆ ಕೂತು ತಪ್ಪಿಲ್ಲದೆ ಟೈಪ್ ಮಾಡಬೇಕು ಅಂತ ಮಾತ್ರ ಕೆಲಸಕ್ಕೆ ಸೇರುವಾಗ ಯಾರೂ ಹೇಳಿರಲಿಲ್ಲ.

ನವೆಂಬರಿನಲ್ಲಿ ಅವರ ದೇಶದಲ್ಲಿ ಮಧ್ಯಂತರ ಚುನಾವಣೆ. "ಸರ್ಕಾರ ಬಿತ್ತಾ ಸರ್?" ಎಂದು ಕೇಳಿ ನಾನು ನಗೆಪಾಟಲಾದೆ. ಏನೂ ಬಿದ್ದಿರಲಿಲ್ಲ. ಅಧ್ಯಕ್ಷ ಇದ್ದ ಹಾಗೇ ಇರುತ್ತಾನಂತೆ, ಅವನ ಅವಧಿಯ ನಡುವೆ ಸಂಸತ್ತಿಗೆ ಮಾತ್ರ ಚುನಾವಣೆಯಂತೆ. ಮುದುಕನದು ಕತ್ತೆ ಪಕ್ಷ, ಮ್ಯಾನೇಜರನದು ಆನೆ ಪಕ್ಷ. ಹಾಗೆ ಕರೆದದ್ದು ದೋಹಾದ ನಜ್ಮಾ ಬಡಾವಣೆಯ ನಮ್ಮ ರೂಮಿನವರು. ಪಕ್ಷವನ್ನು ಚಿಹ್ನೆಯಿಂದಲೇ ಗುರುತಿಸಿ ಬೆಳೆದವರು ನಾವು, ಅಮೆರಿಕದ ಪಕ್ಷವಾದರೇನಂತೆ. ಸಂಜೆ ಕಂಪನಿ ಬಸ್ಸಿಳಿದು ರೂಮಿಗೆ ಬಂದರೆ, "ಇವತ್ತು ಕತ್ತೆ ಒದ್ದಿತಾ, ಆನೆ ತುಳಿಯಿತಾ?" ಎಂದು ಕೇಳಿಯೇ ನನಗೆ ಚಹಾ ಕೊಡುತ್ತಿದ್ದರು.

ಮುದುಕನ ಪ್ರಕಾರ ಓಟಿನ ಯಂತ್ರಗಳನ್ನು ನಂಬುವ ಹಾಗಿಲ್ಲ. ಒತ್ತುವುದು ಒಂದು, ಒಳಗೆ ದಾಖಲಾಗುವುದು ಇನ್ನೊಂದು, ಕೇಳೋಣವೆಂದರೆ ಕೈಗೊಂದು ಚೀಟಿಯೂ ಬರುವುದಿಲ್ಲ. ಮ್ಯಾನೇಜರನ ಪ್ರಕಾರ ಯಂತ್ರಗಳು ಸರಿಯಾಗಿಯೇ ಇವೆ, ಮನುಷ್ಯರು ಸರಿಯಿಲ್ಲ. ಗುರುತಿನ ಚೀಟಿ ತೋರಿಸು ಅಂದರೆ ಮುದುಕನ ಪಕ್ಷದವರಿಗೆ ಮೈ ಉರಿಯುತ್ತದೆ, ಯಾಕೆಂದರೆ ಅವರಿಗೆ ಸತ್ತವರ ಓಟೂ ಬೇಕು. ಇಬ್ಬರಿಗೂ ಚುನಾವಣೆಯ ಮೇಲೆ ನಂಬಿಕೆಯಿಲ್ಲ, ಕಾರಣ ಮಾತ್ರ ಬೇರೆ ಬೇರೆ. ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿಯಿತು. ಒಂದು ದಿನ ತಡೆಯಲಾರದೆ, "ನಮ್ಮಲ್ಲಿ ಇಂಥ ತಂಟೆಯೇ ಇಲ್ಲ. ಬೆರಳಿಗೆ ಶಾಯಿ ಹಚ್ಚುತ್ತಾರೆ, ಖಲಾಸ್," ಎಂದು ಬೆರಳೆತ್ತಿ ತೋರಿಸಿದೆ. ಮುದುಕ ಆ ಬೆರಳನ್ನು ನೋಡಿ, ನೀನು ಕೊನೆಯ ಸಲ ಓಟು ಹಾಕಿದ್ದು ಯಾವಾಗ ಎಂದು ಕೇಳಿದ. ಕಾಲೇಜು ಮುಗಿದ ವರ್ಷ ಹಾಕಿದ್ದು. ಆಮೇಲೆ ಬೊಂಬಾಯಿ, ಆಮೇಲೆ ಕತಾರ್. ನಾನು ಬೆರಳು ಮಡಚಿ ಟೈಪ್ ಮಾಡಲು ಕೂತೆ.

ಮುದುಕನಿಗೆ ಇದು ಬರೀ ಬಾಯಿಜಗಳವಾಗಿರಲಿಲ್ಲ. ಅವನ ಒಬ್ಬನೇ ಮಗ ಸೈನಿಕ, ಆಗ ಇರಾಕಿನಲ್ಲಿದ್ದ. ನಾವಿದ್ದ ಮರಳುಗಾಡಿನಿಂದ ವಿಮಾನದಲ್ಲಿ ತೀರಾ ದೂರವೇನಲ್ಲ, ಆದರೆ ಅಪ್ಪ ಹೋಗಿ ನೋಡುವ ಹಾಗಿಲ್ಲ. ಫೋನಿನಲ್ಲಿ ಮಗ ಒಂದೇ ಮಾತು ಕೇಳುತ್ತಿದ್ದನಂತೆ: ಅಪ್ಪಾ, ಓಟು ಹಾಕಿದೆಯಾ? "ಅವನನ್ನು ಅಲ್ಲಿಗೆ ಕಳಿಸಿದವರಿಗೆ ಸಾಕು ಅಂತ ಹೇಳಲು ನನ್ನ ಹತ್ತಿರ ಇರುವುದು ಇದೊಂದೇ," ಎಂದು ಮುದುಕ ನನಗೆ ಹೇಳಿದ್ದ. ಹಿಂದಿನ ಚುನಾವಣೆಯಲ್ಲಿ ಅವನ ಓಟು ಅಂಚೆಯಲ್ಲೇ ಎಲ್ಲೋ ಕಳೆದುಹೋಗಿತ್ತು. ಈ ಸಲ ಬೇಗನೇ ಅರ್ಜಿ ಹಾಕಿ, ಮತಪತ್ರ ಬರುವುದನ್ನೇ ಕಾಯುತ್ತಿದ್ದ. ದಿನಾ ನಾನು ಕ್ಯಾಬಿನ್ನಿನ ಬಾಗಿಲು ತೆರೆಯುವುದರೊಳಗೆ ಪ್ರಶ್ನೆ: "ಬಂತಾ?" ನಾನು ಅಲ್ಲಿನ ಅರಬ್ಬಿಯಲ್ಲಿ "ಮಾಫಿ ಸರ್", ಇಲ್ಲ ಸರ್, ಅನ್ನುತ್ತಿದ್ದೆ. ಮತ್ತೆ ಮಧ್ಯಾಹ್ನ ಬಂದು ಮೇಜಿನ ಮೇಲಿದ್ದ ಟಪಾಲನ್ನು ತಾನೇ ಕೆದಕುತ್ತಿದ್ದ. ಅವನ ಚಡಪಡಿಕೆ ನನಗೂ ಅಂಟಿತು. ಪೋಸ್ಟ್ ಬಾಕ್ಸ್‌ನ ಕೀಲಿಕೈ ಜೇಬಿನಲ್ಲಿಟ್ಟುಕೊಂಡು ತಿರುಗುವ ನನಗೇ ಏನೋ ಬಚ್ಚಿಟ್ಟವನ ಹಾಗೆ ಅನ್ನಿಸತೊಡಗಿತು.

ಈದ್ ರಜೆ ಬಂದು ಪೋಸ್ಟ್ ಆಫೀಸ್ ಮುಚ್ಚಿತು. ರಜೆ ಮುಗಿದ ಮೊದಲ ದಿನವೇ ಹೋದೆ. ಏಷ್ಯನ್ ಗೇಮ್ಸ್ ಬರುತ್ತದೆಂದು ದೋಹಾವನ್ನೆಲ್ಲ ಅಗೆದು ಹಾಕಿದ್ದರು, ಮೊನ್ನೆ ಇದ್ದ ರಸ್ತೆ ಇವತ್ತು ಇರುತ್ತಿರಲಿಲ್ಲ. ಟ್ಯಾಕ್ಸಿಯವನೊಡನೆ ಜಗಳವಾಡಿ ತಲುಪಿ ಬಾಕ್ಸ್ ತೆರೆದರೆ ಒಳಗೆ ಮುದುಕನ ಲಕೋಟೆ ಇತ್ತು. ನನಗಾದ ಖುಷಿ ನನ್ನ ವೀಸಾ ಬಂದ ದಿನವೂ ಆಗಿರಲಿಲ್ಲವೇನೋ.

ಮುದುಕ ಅವತ್ತೇ ಗುರುತು ಹಾಕಿ, ಅಂಟಿಸಿ, ಸಹಿ ಮಾಡಿದ. ಈಗ ಕಳಿಸುವುದು ಹೇಗೆ? ಮಾಮೂಲಿ ಅಂಚೆಗೆ ಹಾಕಿದರೆ ಹೆಚ್ಚುಕಡಿಮೆ ಮೂರು ವಾರ, ಚುನಾವಣೆಗೆ ಅಷ್ಟು ದಿನ ಉಳಿದಿರಲಿಲ್ಲ. ಕೊರಿಯರ್‌ನವರಿಗೆ ಫೋನ್ ಮಾಡಿದೆ. ಲಕೋಟೆಯ ಮೇಲಿದ್ದ ಚುನಾವಣೆ ಕಚೇರಿಯ ವಿಳಾಸವೂ ಪೋಸ್ಟ್ ಬಾಕ್ಸೇ, ನಾವು ಮನುಷ್ಯರ ಕೈಗೆ ಮಾತ್ರ ಕೊಡುವವರು, ಪೋಸ್ಟ್ ಬಾಕ್ಸ್‌ಗೆ ಹಾಕುವುದಿಲ್ಲ ಅಂದರು. ರಾಯಭಾರ ಕಚೇರಿಯಿಂದ ಹೋಗುವ ಟಪಾಲು ಚೀಲ ಆಗಲೇ ಹೊರಟುಹೋಗಿತ್ತು. ಮುದುಕ ಲಕೋಟೆಯನ್ನು ಹಿಡಿದು ಕ್ಯಾಬಿನ್ನಿನೊಳಗೆ ಆಚೆ ಈಚೆ ತಿರುಗುತ್ತಿದ್ದ.

ಆಗ ನನ್ನ ಬಾಯಿಯಿಂದ ಆ ಮಾತು ಬಂತು. "ಸರ್ ನಾಳಿದ್ದು ಊರಿಗೆ ಹೋಗ್ತಿದ್ದಾರಲ್ಲ, ಅವರ ಕೈಯಲ್ಲಿ ಕಳಿಸಿ." ಸರ್ ಅಂದರೆ ಮ್ಯಾನೇಜರ್. ಅವನು ರಜೆಯಲ್ಲಿ ಅಮೆರಿಕಕ್ಕೆ ಹೊರಟಿದ್ದ, ತನ್ನ ಓಟನ್ನೂ ಹಾಕಿ ಬರುವವನಿದ್ದ.

ನನಗೆ ಅದಕ್ಕಿಂತ ಸಹಜವಾದ ಮಾತು ಇನ್ನೊಂದಿರಲಿಲ್ಲ. ಗಲ್ಫಿನಲ್ಲಿರುವ ನಮ್ಮ ಕರಾವಳಿಯವರಿಗೆ ಊರಿಗೆ ಹೋಗುವವರ ಕೈಯೇ ನಿಜವಾದ ಅಂಚೆ. ಯಾರೋ ಹೊರಟಿದ್ದಾರೆ ಅಂತ ಗೊತ್ತಾದರೆ ಸಾಕು, ಅವರ ರೂಮಿನ ಮುಂದೆ ಔಷಧಿ, ಮೊಬೈಲು, ಹಾಲಿನ ಪುಡಿ ಹಿಡಿದುಕೊಂಡು ಜನ ಸೇರುತ್ತಾರೆ. ಮುಖಪರಿಚಯವೂ ಇಲ್ಲದ ಒಬ್ಬ ಬ್ಯಾರಿ ವ್ಯಾಪಾರಿಯ ಬ್ಯಾಗಿನಲ್ಲಿ ತಂಗಿಯ ಮದುವೆಯ ಸರ ಕಳಿಸಿದವ ನಾನು. ಅವರು ನಮ್ಮ ಮನೆ ಹುಡುಕಿಕೊಂಡು ಹೋಗಿ ಸರವನ್ನು ಅಮ್ಮನ ಕೈಗೇ ಕೊಟ್ಟು, ಮದುವೆಗೆ ಒಳ್ಳೆಯದಾಗಲಿ ಅಂದು ಬಂದಿದ್ದರು. ಒಂದು ಲಕೋಟೆ ಯಾವ ಲೆಕ್ಕ?

ಇಬ್ಬರೂ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. ಮ್ಯಾನೇಜರನ ಮುಖ ಕೆಂಪಾಯಿತು. ಆದರೂ ಅವನೇ ಎದ್ದು ಬಂದು ಕೈ ಚಾಚಿದ. "ಕೊಡು. ಇಳಿದ ಕೂಡಲೇ ಅಂಚೆಗೆ ಹಾಕುತ್ತೇನೆ."

ಮುದುಕ ಕೊಡಲಿಲ್ಲ.

"ನಾನು ಹರಿದು ಬಿಸಾಡುತ್ತೇನೆ ಅಂದ್ಕೊಂಡಿದ್ದೀಯಾ?"

"ಇಲ್ಲ. ನೀನು ಹಾಕುತ್ತೀಯ, ನನಗೆ ಗೊತ್ತು."

"ಮತ್ತೇನು?"

"ನನ್ನ ಓಟು ನಿನ್ನ ಒಳ್ಳೆಯತನವನ್ನು ನಂಬಿಕೊಂಡು ಹೋಗಬಾರದು. ಯಾರ ಓಟೂ ಹಾಗೆ ಹೋಗಬಾರದು."

ಮ್ಯಾನೇಜರ್ ಚಾಚಿದ ಕೈಯನ್ನು ಹಾಗೇ ಪ್ಯಾಂಟಿನ ಜೇಬಿಗೆ ಇಳಿಸಿ ತನ್ನ ಕುರ್ಚಿಗೆ ಹೋದ. ಒಂದು ತಿಂಗಳು ಬೈದಾಡಿಕೊಂಡಾಗಲೂ ಅವನಿಗೆ ಅಷ್ಟು ನೋವಾಗಿರಲಿಕ್ಕಿಲ್ಲ.

ನನಗಂತೂ ಸಿಟ್ಟು ನೆತ್ತಿಗೇರಿತ್ತು. ಎಂಥ ಜಂಬ! ಎದುರಿಗೆ ನಿಂತ ಮನುಷ್ಯನನ್ನು ನಂಬುತ್ತೇನೆ ಅನ್ನುತ್ತಾನೆ, ಕೊಡುವುದಿಲ್ಲ ಅಂತಲೂ ಅನ್ನುತ್ತಾನೆ. ಒಬ್ಬರ ಒಳ್ಳೆಯತನದ ಮೇಲೆ ಇನ್ನೊಬ್ಬರು ಬದುಕದಿದ್ದರೆ ಈ ಊರಿನಲ್ಲಿ ನಮ್ಮಂಥವರು ಒಂದು ದಿನ ಉಳಿಯುತ್ತೇವೆಯೇ? ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮುದುಕನಿಗೆ ಬೈದೆ.

ಮರುದಿನ ಶುಕ್ರವಾರ, ಊರಿಗೆ ಫೋನ್ ಮಾಡುವ ದಿನ. ತಮ್ಮ ಸಿಕ್ಕಿದ. ನಗಾಡಲಿಕ್ಕೆ ಒಂದು ಕತೆಯಾಯಿತೆಂದು ಮುದುಕನ ಪ್ರಸಂಗವನ್ನೆಲ್ಲ ಹೇಳಿದೆ. ತಮ್ಮ ಊರಿನಲ್ಲಿ ಒಂದು ಪಕ್ಷದ ಕೆಲಸಕ್ಕೆ ಓಡಾಡುವವ, ಬಿದ್ದು ಬಿದ್ದು ನಕ್ಕ.

"ನಮ್ಮಲ್ಲಿ ಇಷ್ಟೆಲ್ಲ ರಗಳೆ ಇಲ್ಲ ಅಣ್ಣ. ನಿನ್ನ ಓಟು ಒಂದು ಸಲ ಸಹ ತಪ್ಪಲಿಲ್ಲ."

"ನನ್ನ ಓಟಾ? ನಾನಿಲ್ಲಿ ಇದ್ದೇನಲ್ಲ ಮಾರಾಯ."

"ಹೆಸರು ಪಟ್ಟಿಯಲ್ಲಿ ಉಂಟಲ್ಲ. ನಿನ್ನ ಪ್ರಾಯದ ಯಾರನ್ನಾದರೂ ಕಳಿಸುವುದು. ಬೂತಿನಲ್ಲಿ ಕೂತವರೆಲ್ಲ ಗುರ್ತದವರೇ, ಯಾರು ಕೇಳ್ತಾರೆ? ಗಲ್ಫಿನಲ್ಲಿ ಇರುವವರದ್ದೆಲ್ಲ ಹಾಗೇ ಹಾಕಿಸುವುದು."

"ಯಾರಿಗೆ ಹಾಕಿದ್ದು?"

"ನಮ್ಮವರಿಗೆ, ಮತ್ತೆ ಯಾರಿಗೆ!"

ನಮ್ಮವರು ಅಂದರೆ ಅವನವರು. ನಾನು ಊರಲ್ಲಿದ್ದಿದ್ದರೆ ಸತ್ತರೂ ಆ ಪಕ್ಷಕ್ಕೆ ಓಟು ಹಾಕುತ್ತಿರಲಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲ, ಯಾಕೆಂದರೆ ಇಷ್ಟು ವರ್ಷ ಅವನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನನಗೆ ಉಪಕಾರ ಮಾಡಿದ್ದೇನೆ ಎಂಬ ಸಂತೋಷ ಅವನ ದನಿಯಲ್ಲಿತ್ತು. ಸರಿ ಅಂದು ಫೋನ್ ಇಟ್ಟೆ. ರೂಮಿನಲ್ಲಿ ಕೂರಲಾಗಲಿಲ್ಲ. ನಜ್ಮಾದ ಟೈಲರ್ ಅಂಗಡಿಗಳ ಮುಂದೆ ಹೋದ ದಾರಿಯಲ್ಲೇ ಮತ್ತೆ ಮತ್ತೆ ಹೋದೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದ ಸಿಟ್ಟು ಬಹಳ ಕೆಟ್ಟದ್ದು.

ವಾರದ ರಜೆ ಮುಗಿದು ಭಾನುವಾರ ಮುದುಕ, ಪೋಸ್ಟ್ ಆಫೀಸಿಗೆ ನಿನ್ನ ಜೊತೆ ನಾನೂ ಬರುತ್ತೇನೆ ಅಂದ. ಕರೆದುಕೊಂಡು ಹೋದೆ. ಅಂಚೆಚೀಟಿ ಅಂಟಿಸಿ, ಲಕೋಟೆಯನ್ನು ತಾನೇ ಡಬ್ಬಿಗೆ ಹಾಕಿದ. ಹೊತ್ತಿಗೆ ಸರಿಯಾಗಿ ಮುಟ್ಟಲಿಕ್ಕಿಲ್ಲ ಸರ್, ಎಂದೆ. ಬಹುಶಃ ಇಲ್ಲ, ಎಂದ. ಅವನನ್ನು ಬೈಯಲು ಆಗ ನನಗೆ ಬಾಯಿ ಬರಲಿಲ್ಲ.

ಚುನಾವಣೆ ಮುಗಿಯಿತು. ಮುದುಕನ ಪಕ್ಷ ಗೆದ್ದಿತು. ರಜೆಯಿಂದ ಬಂದ ಮ್ಯಾನೇಜರ್ ಗೆದ್ದವರ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೊರದೇಶಕ್ಕೆ ಫೋನ್ ಹೋಗುವುದು ಅವನ ಮೇಜಿನಿಂದ ಮಾತ್ರ. ಒಂದು ಸಂಜೆ ಮುದುಕ ಅವನ ಅನುಮತಿ ಕೇಳಿ, ತನ್ನ ಊರಿನ ಚುನಾವಣೆ ಕಚೇರಿಗೆ ಅಲ್ಲಿಂದಲೇ ಫೋನ್ ಮಾಡಿದ. ಮ್ಯಾನೇಜರ್ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು ಕಿಟಕಿಯ ಹತ್ತಿರ ನಿಂತ. ಮುದುಕ ಹೆಸರು ಹೇಳಿದ, ಕಾದ, "ಥ್ಯಾಂಕ್ಯೂ ಮ್ಯಾಮ್" ಎಂದು ಫೋನ್ ಇಟ್ಟ.

"ತಲುಪಿದೆ. ತಡವಾಗಿ. ಎಣಿಸಿಲ್ಲ."

"ನಾನು ಹಾಕುತ್ತಿದ್ದೆ," ಎಂದ ಮ್ಯಾನೇಜರ್.

"ಗೊತ್ತು."

ಮುದುಕ ಕುರ್ಚಿಯಿಂದ ಏಳಲಿಲ್ಲ. "ಹಾಕಿದೆ ಅಂತ ಮಗನಿಗೆ ಹೇಳಿದ್ದೇನೆ," ಎಂದವನ ಕಣ್ಣು ತುಂಬಿತು. ಮ್ಯಾನೇಜರ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟು, ಅದು ಸುಳ್ಳಲ್ಲವಲ್ಲ ಅಂದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮುದುಕ ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ತೀರ್ಮಾನಕ್ಕೆ ಬರಲಾಗಿಲ್ಲ. ಮ್ಯಾನೇಜರ್ ಚಾಚಿದ ಕೈಗೆ ಲಕೋಟೆ ಕೊಟ್ಟಿದ್ದರೆ ಅವನ ಓಟು ಉಳಿಯುತ್ತಿತ್ತು. ಆದರೆ ನನ್ನ ಓಟನ್ನು ಅಷ್ಟು ಪ್ರೀತಿಯ ಕೈಯೊಂದು ಒಯ್ದು ಎಲ್ಲಿಗೆ ಮುಟ್ಟಿಸಿತ್ತು ಅಂತ ಈಗ ನನಗೆ ಗೊತ್ತಿತ್ತು.

ಶುಕ್ರವಾರದವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಬಸ್ಸಿಳಿದವನೇ ತಮ್ಮನಿಗೆ ಫೋನ್ ಮಾಡಿದೆ.

"ಇನ್ನು ನನ್ನ ಓಟು ಯಾರ ಕೈಯಲ್ಲೂ ಹಾಕಿಸಬೇಡ."

"ಎಂತ ಅಣ್ಣ, ಸುಮ್ಮನೆ ಹಾಳಾಗ್ತದಲ್ಲ?"

"ಹಾಳಾಗಲಿ."

"ನಾನೆಂತ ತಪ್ಪು ಮಾಡಿದೆ? ನಿನ್ನ ಹೆಸರು ಊರಲ್ಲಿ ಇರಲಿ ಅಂತ ಮಾಡಿದ್ದು," ಎಂದ. ದನಿ ಸಣ್ಣದಾಗಿತ್ತು.

"ತಪ್ಪು ಅಂತಲ್ಲ ಮಾರಾಯ. ನನ್ನ ಓಟು ನಾನೇ ಬಂದು ಹಾಕ್ತೇನೆ."

"ಆಯ್ತು," ಎಂದ ತಮ್ಮ. ಆಮೇಲೆ, ಕುಹಕವೇನೂ ಇಲ್ಲದೆ, ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದ: "ಮತ್ತೆ ನೀನು ಬರುವುದು ಯಾವಾಗ ಅಣ್ಣ?"