ನೋಟೀಸಿನ ಮೇಲಿನ ಕುಂಕುಮ

ಗುಲಾಬಿ ಹೂವನ್ನು ಯಾರಾದರೂ ನನ್ನೆದುರು ಹೊಗಳಿದರೆ ಈಗಲೂ ಮೈ ಉರಿಯುತ್ತದೆ. ತಮಿಳುನಾಡು ಗಡಿಯೊಳಗಿನ ಬೇರಿಕೆ ಕಡೆಯ ಒಂದು ಹೂವಿನ ಕಂಪನಿಯಲ್ಲಿ ಐದು ವರ್ಷ ಆಫೀಸು ಕೆಲಸ ಮಾಡಿದವಳು ನಾನು. ಪಾಲಿಹೌಸಿನಲ್ಲಿ ಕೊಯ್ದ ಗುಲಾಬಿ ಬಕೆಟ್ಟುಗಳಲ್ಲಿ ಪ್ಯಾಕಿಂಗ್ ಶೆಡ್ಡಿಗೆ ಬರುತ್ತಿತ್ತು. ಅಲ್ಲಿ ನಲವತ್ತು ಜನ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ನಿಂತೇ ಮುಳ್ಳು ಸವರಿ, ಕಡ್ಡಿಯ ಉದ್ದ ಅಳೆದು, ಇಪ್ಪತ್ತರ ಕಟ್ಟು ಕಟ್ಟಿ, ರಟ್ಟು ಸುತ್ತಿ ಕೋಲ್ಡ್ ರೂಮಿಗೆ ಕಳಿಸುತ್ತಿದ್ದರು. ಫೆಬ್ರವರಿ ಬಂತೆಂದರೆ ಲೋಕದ ಪ್ರೇಮಿಗಳಿಗೆಲ್ಲ ಒಂದೇ ದಿನ ಹೂವು ಬೇಕು. ಆ ಎರಡು ವಾರ ಇವರಿಗೆ ಕೂತು ಉಣ್ಣಲೂ ಪುರುಸೊತ್ತಿರುತ್ತಿರಲಿಲ್ಲ. ಕೈಗವಸು ಕೊಡುತ್ತಿದ್ದರು, ನಿಜ. ಅದು ಹರಿದರೆ ಹೊಸದು ಸಿಗುವ ಹೊತ್ತಿಗೆ ಬೆರಳೂ ಹರಿದಿರುತ್ತಿತ್ತು.

ಆ ನಲವತ್ತರಲ್ಲಿ ಒಬ್ಬಳು ನನ್ನ ದೊಡ್ಡಮ್ಮ, ಅವ್ವನ ಅಕ್ಕ. ನಾನು ಪ್ಲಸ್ ಟೂ ಮುಗಿಸಿ ಮನೆಯಲ್ಲಿ ಕೂತಿದ್ದಾಗ ಮೇಸ್ತ್ರಿಯ ಹಿಂದೆ ಬಿದ್ದು ಈ ಕೆಲಸ ಕೊಡಿಸಿದ್ದೇ ಅವಳು. ಹಳ್ಳಿಗಳಿಂದ ಆಳು ಹೊಂದಿಸಿ ಟೆಂಪೋದಲ್ಲಿ ಕರೆತರುವವನು ಮೇಸ್ತ್ರಿ. ನಮ್ಮ ಪಕ್ಕದೂರಿನವನೇ, ದೂರದಲ್ಲಿ ನೆಂಟನೂ ಹೌದು. "ನಮ್ಮುಡ್ಗಿ ಮೂರು ಭಾಸೆ ಓದ್ತಾಳೆ, ಬಿಸ್ಲಲ್ಲಿ ನಿಲ್ಲುಸ್ಬ್ಯಾಡ" ಎಂದು ದೊಡ್ಡಮ್ಮ ಅವನಿಗೆ ಹೇಳಿದ್ದಳಂತೆ. ಹಾಗಾಗಿ ನನಗೆ ಕುರ್ಚಿ ಸಿಕ್ಕಿತು, ಫ್ಯಾನೂ ಸಿಕ್ಕಿತು.

ದೊಡ್ಡಮ್ಮ ಓದು ಬಾರದವಳಲ್ಲ. ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿ, ಇವತ್ತಿಗೂ ಕನ್ನಡ ಪೇಪರು ಸಿಕ್ಕರೆ ಬೋಂಡ ಕಟ್ಟಿ ಕೊಟ್ಟ ತುಂಡನ್ನೂ ಬಿಡದೆ ಓದುವವಳು. ಸಂತೆಯಲ್ಲಿ ತಮಿಳು, ತೆಲುಗು ಎರಡೂ ಮಾತಾಡುತ್ತಾಳೆ. ಆದರೆ ತಮಿಳು ಅಕ್ಷರ ಗೊತ್ತಿಲ್ಲ. ಶೆಡ್ಡಿನ ಹೆಂಗಸರೆಲ್ಲರದ್ದೂ ಇದೇ ಕತೆ. ನಾಲಿಗೆಗೆ ಮೂರು ಭಾಷೆ, ಕಣ್ಣಿಗೆ ಒಂದೇ, ಕೆಲವರಿಗೆ ಅದೂ ಇಲ್ಲ.

ಇದನ್ನು ಯಾಕೆ ಹೇಳುತ್ತೇನೆಂದರೆ, ಆ ಶೆಡ್ಡಿನ ಬಾಗಿಲ ಮೇಲೆ ಗಾಜು ಹಾಕಿದ ಒಂದು ಚೌಕಟ್ಟು ತೂಗುಹಾಕಿತ್ತು. ಅದರೊಳಗೆ ಒಂದು ನೋಟೀಸು, ತಮಿಳಿನಲ್ಲಿ ಮತ್ತು ಇಂಗ್ಲಿಷಿನಲ್ಲಿ. ಯಾವ ಕೆಲಸಕ್ಕೆ ದಿನಕ್ಕೆ ಕಡಿಮೆಯೆಂದರೆ ಎಷ್ಟು ಕೂಲಿ ಕೊಡಬೇಕು ಎಂದು ಸರ್ಕಾರ ನಿಗದಿ ಮಾಡಿದ ಪಟ್ಟಿ ಅದು. ಕೆಲಸಗಾರರ ಕಣ್ಣಿಗೆ ಬೀಳುವಂತೆ ಹಾಕಬೇಕೆಂಬುದು ಕಾನೂನು. ಹಾಕಿದ್ದರು! ಕಣ್ಣಿಗೆ ಬೀಳಬೇಕು ಅಷ್ಟೇ ತಾನೆ, ತಲೆಗೆ ಹೋಗಬೇಕಿಲ್ಲವಲ್ಲ. ಪಟ್ಟಿಯಲ್ಲಿದ್ದ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಅಂಕಿ ಆಗಾಗ ಬದಲಾಗುತ್ತದೆ, ಮೋಸ ಮಾತ್ರ ಬದಲಾಗುವುದಿಲ್ಲ. ನಮ್ಮ ಹೆಂಗಸರ ಕೈಗೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬರುತ್ತಿತ್ತು ಎಂದರೆ ಸಾಕು.

ನೋಟೀಸಿನ ತಲೆಯ ಮೇಲೆ ತಮಿಳುನಾಡು ಸರ್ಕಾರದ ಮುದ್ರೆ. ಆ ಮುದ್ರೆಯಲ್ಲಿರುವುದು ದೇವಸ್ಥಾನದ ಗೋಪುರ. ಅಕ್ಷರ ಬಾರದವರಿಗೆ ಕಂಡದ್ದು ಗೋಪುರ ಒಂದೇ. ಬಾಗಿಲ ಮೇಲಿದೆ, ಗಾಜು ಹಾಕಿದೆ, ಗೋಪುರ ಇದೆ. ದೇವರ ಪಟ ಅಲ್ಲದೆ ಇನ್ನೇನು? ನಾನು ಸೇರಿದ ವರ್ಷ ಆಯುಧಪೂಜೆಯ ದಿನ ಶೆಡ್ಡು ತೊಳೆದು, ಕತ್ತರಿಗೆ, ತಕ್ಕಡಿಗೆ, ಕೋಲ್ಡ್ ರೂಮಿನ ಬಾಗಿಲಿಗೆ ಎಲ್ಲ ಕುಂಕುಮ ಇಟ್ಟರು. ಒಬ್ಬಾಕೆ ಸ್ಟೂಲು ಹತ್ತಿ ನೋಟೀಸಿಗೂ ಅರಿಸಿನ ಕುಂಕುಮ ಬಳಿದು, ಕಡ್ಡಿ ಮುರಿದ ಗುಲಾಬಿಗಳ ಹಾರ ಹಾಕಿದಳು. ಎಲ್ಲರೂ ಕೈ ಮುಗಿದರು. ತಮಗೆ ಬರಬೇಕಾದ ಕೂಲಿಗೆ ಕರ್ಪೂರ ಬೆಳಗಿ, ಪಕ್ಕಕ್ಕೆ ಸರಿದು, ಅರೆಕೂಲಿಗೆ ಮುಳ್ಳು ಸವರಲು ನಿಂತರು. ಮ್ಯಾನೇಜರು ನಗುತ್ತಾ ಮೊಬೈಲಿನಲ್ಲಿ ಫೋಟೋ ತೆಗೆದ. ಆ ನಗು ನೆನೆದರೆ ಇವತ್ತಿಗೂ ನನಗೆ ಕೈ ತುರಿಸುತ್ತದೆ.

ಅವತ್ತು ದೊಡ್ಡಮ್ಮನಿಗೆ ಮಾತ್ರ ಅನುಮಾನ ಬಂತು. ಪ್ರಸಾದದ ಕಡಲೆಪುರಿ ಮೆಲ್ಲುತ್ತಾ ನನ್ನ ಹತ್ತಿರ ಬಂದು, "ಅಮ್ಮಿ, ದ್ಯಾವ್ರ ಪಟದಾಗೆ ಇಷ್ಟೊಂದು ಲೆಕ್ಕ ಯಾಕೆ ಬರ್ದವ್ರೆ? ಏನೈತೆ ನೋಡಿ ಯೋಳು" ಎಂದಳು. ಮ್ಯಾನೇಜರು ಮಾರು ದೂರದಲ್ಲಿ ನಿಂತಿದ್ದ. ಅವನಿಗೆ ಕನ್ನಡ ಅಷ್ಟಕ್ಕಷ್ಟೆ, ಆದರೆ ಅವಳ ಬೆರಳು ಎತ್ತ ತೋರಿಸುತ್ತಿದೆ ಎಂದು ತಿಳಿಯಲು ಭಾಷೆ ಬೇಕಿರಲಿಲ್ಲ. ನನ್ನನ್ನೇ ನೋಡಿದ. ಕೆಲಸಕ್ಕೆ ಸೇರಿ ನನಗಿನ್ನೂ ಮೂರು ತಿಂಗಳು.

"ಕಂಪ್ನಿ ಲೈಸೆನ್ಸು ದೊಡ್ಡಮ್ಮ" ಎಂದೆ.

ಅವಳು ತಲೆಯಾಡಿಸಿ ಹೋದಳು. ಮೂರು ಭಾಷೆ ಓದುವ ಹುಡುಗಿ ಹೇಳಿದ ಮೇಲೆ ಮುಗಿಯಿತಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುತ್ತಾರೆ. ಮೇಯ್ದ ಬೇಲಿ ನಾನೇ. ಆಮೇಲೆ ನಾಲ್ಕು ಆಯುಧಪೂಜೆ ಬಂದವು. ನಾಲ್ಕು ಸಲವೂ ಆ ಗಾಜಿಗೆ ಕುಂಕುಮ ಬಿತ್ತು, ನಾಲ್ಕು ಸಲವೂ ನಾನು ಕೈ ಮುಗಿದೆ.

ಐದನೆಯ ವರ್ಷ ಯಾರೋ ಪುಣ್ಯಾತ್ಮರು ಹೆಸರು ಹಾಕದೆ ಕೃಷ್ಣಗಿರಿಯ ಲೇಬರ್ ಆಫೀಸಿಗೆ ಅರ್ಜಿ ಬರೆದಿದ್ದರು. ಲೇಬರ್ ಇನ್‌ಸ್ಪೆಕ್ಟರು ತಪಾಸಣೆಗೆ ಬರುತ್ತಾರೆ ಎಂಬ ಸುದ್ದಿ ಇನ್‌ಸ್ಪೆಕ್ಟರಿಗಿಂತ ಎರಡು ದಿನ ಮುಂಚೆಯೇ ಬಂದು ತಲುಪಿತು. ಅದು ಹೇಗೆ ಬರುತ್ತದೋ, ಯಾರ ಬಾಯಿಂದ ಬರುತ್ತದೋ ದೇವರೇ ಬಲ್ಲ. ಕಳ್ಳನಿಗೆ ಮೊದಲೇ ಹೇಳಿ ಕಾವಲಿಗೆ ಬರುವ ಈ ಪದ್ಧತಿಯನ್ನು ಯಾರು ಕಂಡುಹಿಡಿದರೋ ಅವರಿಗೊಂದು ಶಾಲು ಹೊದಿಸಬೇಕು.

ಹಿಂದಿನ ದಿನ ಸಂಜೆ ನಾಲ್ಕಕ್ಕೇ ಕೆಲಸ ನಿಲ್ಲಿಸಿ ಹೆಂಗಸರಿಗೆ ಪಾಠ ಶುರುವಾಯಿತು. ಮೇಸ್ತ್ರಿ ಮುಂದೆ ನಿಂತ. ದಿನಕ್ಕೆಷ್ಟು ಕೂಲಿ ಎಂದು ಕೇಳಿದರೆ ಏನು ಹೇಳಬೇಕು ಎಂದು ತಮಿಳಿನಲ್ಲಿ ಹೇಳಿಕೊಟ್ಟ. ನೋಟೀಸಿನಲ್ಲಿದ್ದ ಅಂಕಿಯೇ ಅದು. ಒಂದನೇ ಕ್ಲಾಸಿನ ಮಗ್ಗಿಯಂತೆ ನಲವತ್ತು ಜನರಿಂದ ಒಟ್ಟಾಗಿ ಹೇಳಿಸಿದ. ತಪ್ಪಿದವರಿಂದ ಇನ್ನೊಮ್ಮೆ ಹೇಳಿಸಿದ. "ಉಂಡ ಮನೆ ಜಂತೆ ಎಣುಸ್ಬಾರ್ದು ಕಣ್ರಮ್ಮ. ನಾಳಿಕೆ ಒಂದಿನ ಕಂಪ್ನಿ ಮಾನ ಉಳುಸ್ಕೊಡಿ" ಎಂದು ಕೈ ಮುಗಿದ.

"ನಾವು ಉಂಡಿದ್ದು ನಮ್ಮನೆ ಬುತ್ತಿ ಕಣ್ಲಾ" ಎಂದಳು ದೊಡ್ಡಮ್ಮ. ಹೆಂಗಸರು ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ. "ಅದಿರ್ಲಿ, ಸುಳ್ಳೇ ಹೇಳ್ಬೇಕು ಅಂದ್ರೆ ಬಾಯಿಗೆ ಬಂದಿದ್ ಹೇಳ್ಬೋದಲ್ಲ. ಇದೇ ಲೆಕ್ಕ ಯಾಕೆ? ಇದುಕ್ಕಿಂತ ಒಂದ್ರೂಪಾಯಿ ಕಮ್ಮಿ ಹೇಳುದ್ರೆ ಏನಾಯ್ತದೆ?"

ಎಂಥ ಪೆದ್ದರು ಈ ಕಂಪನಿಯವರು! ಐದು ವರ್ಷ ಮುಚ್ಚಿಟ್ಟದ್ದನ್ನು ಸುಳ್ಳು ಹೇಳಿಸುವ ಆತುರದಲ್ಲಿ ತಾವೇ ಬಾಯಿಪಾಠ ಮಾಡಿಸಿಬಿಟ್ಟಿದ್ದರು. ದೊಡ್ಡಮ್ಮ ತಿರುಗಿ ನನ್ನ ಕಡೆ ನೋಡಿದಳು, ಆಮೇಲೆ ಬಾಗಿಲ ಮೇಲಿನ ಗಾಜಿನ ಕಡೆ. ನಾನು ಕಂಪ್ಯೂಟರಿನಲ್ಲಿ ಏನೋ ಕೆಲಸ ಇರುವವಳಂತೆ ಒಳಗೆ ಹೋದೆ.

ಮರುದಿನ ಇನ್‌ಸ್ಪೆಕ್ಟರು ಬಂದರು. ನಡುವಯಸ್ಸಿನ ಹೆಂಗಸು, ಕೈಯಲ್ಲೊಂದು ಫೈಲು, ನೀರಿನ ಬಾಟಲು. ಸೇಲಂ ಕಡೆಯವರಂತೆ, ಕನ್ನಡ ಬಾರದು. ಆವತ್ತು ಹೆಂಗಸರಿಗೆಲ್ಲ ಹೊಸ ಹಸಿರು ಏಪ್ರನ್ನು, ಹೊಸ ಕೈಗವಸು. ಮೊದಲ ಐದಾರು ಜನ ಕಲಿಸಿದ್ದನ್ನು ಕಲಿಸಿದಂತೆ ತಮಿಳಿನಲ್ಲಿ ಒಪ್ಪಿಸಿದರು. ಇನ್‌ಸ್ಪೆಕ್ಟರು ಬರೆದುಕೊಂಡರು. ನಂತರ ದೊಡ್ಡಮ್ಮನ ಸರದಿ. ದಿನಕ್ಕೆ ಎಷ್ಟಮ್ಮ ಕೊಡುತ್ತಾರೆ ಎಂದು ಅವರು ತಮಿಳಿನಲ್ಲಿ ಕೇಳಿದರೆ, ಇವಳು ಕನ್ನಡದಲ್ಲಿ ಶುರುಮಾಡಿದಳು. ಇನ್‌ಸ್ಪೆಕ್ಟರು ಸುತ್ತ ನೋಡಿದರು. ಮ್ಯಾನೇಜರು ನನ್ನನ್ನು ಮುಂದೆ ತಳ್ಳಿ ತಮಿಳಿನಲ್ಲಿ ಹೇಳಿದ, "ಈ ಹುಡುಗಿ ಹೇಳ್ತಾಳೆ ಮೇಡಂ."

ದೊಡ್ಡಮ್ಮ ನನ್ನ ಮುಖವನ್ನೇ ನೋಡುತ್ತಾ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ನೆನ್ನೆ ಹೇಳ್ಕೊಟ್ಟಿದ್ ಲೆಕ್ಕ ಹೇಳ್ಬೇಕಾ, ಕೈಗ್ ಬರಾ ಲೆಕ್ಕ ಹೇಳ್ಬೇಕಾ ಅಂತ ಕೇಳು ಅವ್ರುನ್ನ. ಎರಡುಕ್ಕೂ ಬಲೇ ದೂರ ಐತೆ ಅನ್ನು."

ಮ್ಯಾನೇಜರು ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಆಗ ನಾನು ಏನು ಮಾಡಿದೆನೋ ಅದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಇನ್‌ಸ್ಪೆಕ್ಟರ ಕಡೆ ತಿರುಗಿ ತಮಿಳಿನಲ್ಲಿ, "ಸರಿಯಾಗಿ ಕೊಡ್ತಾರಂತೆ ಮೇಡಂ, ಎಲ್ಲರಿಗೂ ಕೊಡೋ ಹಾಗೇ" ಎಂದೆ.

ಇನ್‌ಸ್ಪೆಕ್ಟರು ಬರೆಯತೊಡಗಿದರು. ದೊಡ್ಡಮ್ಮ ಕೈಗವಸು ಒಂದೊಂದಾಗಿ ಕಳಚಿ ಬಕೆಟ್ಟಿನ ಅಂಚಿಗೆ ಹಾಕಿದಳು. ಆಮೇಲೆ ಸಂತೆಯ ತಮಿಳಿನಲ್ಲಿ, ಟೊಮೆಟೊ ಬೆಲೆಗೆ ಜಗಳಕ್ಕೆ ನಿಂತಾಗಿನ ಅದೇ ಗಟ್ಟಿ ದನಿಯಲ್ಲಿ, "ಅಮ್ಮಾ, ಇವ ಸೊನ್ನದು ಪೊಯ್" ಎಂದಳು. ಇವಳು ಹೇಳಿದ್ದು ಸುಳ್ಳು. ಅಷ್ಟು ಹೇಳಿ, ಕೈಗೆ ಬರುವುದೆಷ್ಟು, ನಿನ್ನೆ ಕಲಿಸಿದ್ದೆಷ್ಟು, ಯಾರು ಕಲಿಸಿದರು, ಒಂದನ್ನೂ ಬಿಡದೆ ಹೇಳಿದಳು. ಬೆರಳುಗಳನ್ನೂ ತೋರಿಸಿದಳು.

ಇನ್‌ಸ್ಪೆಕ್ಟರು ಬರೆದದ್ದನ್ನು ಗೀಚಿ ಹೊಡೆದುಹಾಕಿದರು. ನನ್ನ ಕಡೆ ನೋಡಿದ ನೋಟದಲ್ಲಿ ಸಿಟ್ಟು ಕೂಡ ಇರಲಿಲ್ಲ, ಇಂಥವರನ್ನು ಬಹಳ ಕಂಡಿದ್ದೇನೆ ಎಂಬಂತಿತ್ತು. ಮ್ಯಾನೇಜರನ್ನೂ ನನ್ನನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿಸಿ, ಮೊದಲಿನವರನ್ನೂ ಕರೆದು ಪುನಃ ಕೇಳಿದರು. ಬಾಯಿ ಬಿಟ್ಟವರು ಹನ್ನೊಂದು ಜನವಂತೆ. ಸಾಕಾಯಿತು. ಮುಂದಿನ ತಿಂಗಳಿಂದ ಶೆಡ್ಡಿನಲ್ಲಿ ಎಲ್ಲರಿಗೂ ಸರ್ಕಾರದ ಕೂಲಿ ಬಂತು.

ಎಲ್ಲರಿಗೂ ಎಂದರೆ ದೊಡ್ಡಮ್ಮನೊಬ್ಬಳನ್ನು ಬಿಟ್ಟು. ತಪಾಸಣೆಯ ಮರುದಿನವೇ ಟೆಂಪೋ ಅವಳ ಊರಿನ ಅರಳಿಮರದ ಹತ್ತಿರ ನಿಲ್ಲದೆ ಹೋಯಿತು. ಒಳಗಿದ್ದ ಹೆಂಗಸರು ಕಿಟಕಿಯಿಂದ ನೋಡಿದರಂತೆ, ಯಾರೂ "ನಿಲ್ಸಣ್ಣ" ಎನ್ನಲಿಲ್ಲವಂತೆ. ವಯಸ್ಸಾಯಿತು, ಕಣ್ಣು ಕಾಣುವುದಿಲ್ಲ, ಹೂವು ಹಾಳುಮಾಡುತ್ತಾಳೆ ಎಂದು ಮೇಸ್ತ್ರಿ ಊರಿಗೆಲ್ಲ ಹೇಳಿಕೊಂಡು ಬಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಕೇಳಿದ್ದೆ. ಇಲ್ಲಿ ಪೂಜಾರಿ ವರವನ್ನು ಊರಿಗೆಲ್ಲ ಹಂಚಿ, ಬೇಡಿಕೊಂಡವಳನ್ನೇ ಗುಡಿಯಿಂದ ಆಚೆ ಹಾಕಿದ. ಹೆಚ್ಚಿದ ಕೂಲಿ ಎಣಿಸಿಕೊಂಡವರಲ್ಲಿ ಒಬ್ಬರಾದರೂ ಅವಳ ಮನೆ ಕಡೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ಅವಳು ಸೂಳಗಿರಿ ಕಡೆ ಟೊಮೆಟೊ ಕೀಳಲು ಹೋಗುತ್ತಿದ್ದಾಳೆ ಎಂದು ಅವ್ವ ಹೇಳಿದಳು. ಮುಂಚಿಗಿಂತ ಕಡಿಮೆ ಕೂಲಿ, ಮೇಲೆ ಬಿಸಿಲು.

ಕೂಲಿ ಹೆಚ್ಚಿದ ತಿಂಗಳ ಮೂರನೆಯ ವಾರ ಮ್ಯಾನೇಜರು ನನ್ನ ಮೇಜಿನ ಮೇಲೆ ಒಂದು ಬಿಳಿ ಹಾಳೆ ಇಟ್ಟ. ಕೆಳಗೆ ಕನ್ನಡದಲ್ಲಿ, ಗುಂಡಗೆ, ದೊಡ್ಡಮ್ಮನ ಸಹಿ. ಮೇಲೆಲ್ಲ ಖಾಲಿ. ಸೇರಿಸಿಕೊಳ್ಳುವಾಗಲೇ ಎಲ್ಲರಿಂದ ಹೀಗೆ ಬರಿ ಹಾಳೆಗೆ ಸಹಿ ಮಾಡಿಸಿಟ್ಟುಕೊಂಡಿದ್ದರು ಎಂದು ನನಗೆ ಗೊತ್ತಾದದ್ದು ಆಗ. "ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಅಂತ ತಮಿಳಲ್ಲಿ ಬರಿ, ನಿನ್ನ ಅಕ್ಷರ ಚೆನ್ನಾಗಿದೆ" ಎಂದ. ಲೇಬರ್ ಆಫೀಸಿನಿಂದ ಅವಳು ಯಾಕೆ ಕೆಲಸದಲ್ಲಿಲ್ಲ ಎಂದು ಕೇಳಿ ಕಾಗದ ಬಂದಿತ್ತು.

ನನ್ನ ಅಕ್ಷರ ಚೆನ್ನಾಗಿದೆಯಂತೆ! ನಾನು ಕೂಗಾಡಲಿಲ್ಲ, ಕೂಗಾಡುವ ಯೋಗ್ಯತೆ ನನಗಿರಲಿಲ್ಲ. ಹಾಳೆಯನ್ನು ಮಡಿಸಿ, ಊಟದ ಡಬ್ಬಿಯ ಜೊತೆ ಬ್ಯಾಗಿಗೆ ಹಾಕಿಕೊಂಡು, ಗೇಟು ದಾಟಿ, ರಸ್ತೆಗೆ ಬಂದು ಸಿಕ್ಕಿದ ಬಸ್ಸು ಹತ್ತಿದೆ. ಫೋನು ಹೊಡೆದುಕೊಳ್ಳುತ್ತಲೇ ಇತ್ತು.

ಸಂಜೆ ದೊಡ್ಡಮ್ಮನ ಮನೆಗೆ ಹೋಗಿ ಹಾಳೆ ಅವಳ ಕೈಗಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು. "ನಾಳಿಕೆ ಕೃಷ್ಣಗಿರಿಗೆ ಹೋಗಾನ. ಆ ಇನ್‌ಸ್ಪೆಕ್ಟ್ರಮ್ಮುನ್ ಕೈಗೇ ಕೊಡಾನ" ಎಂದಳು, ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮಾರನೆಯ ದಿನ ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಸೂಳಗಿರಿ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ತಪ್ಪಾಯಿತು ದೊಡ್ಡಮ್ಮ, ಕೆಲಸ ಹೋಗುತ್ತದೆಂದು ಹೆದರಿದೆ ಎಂದು ಏನೇನೋ ತೊದಲಿದೆ. ಆಮೇಲೆ, ನನ್ನ ತಪ್ಪನ್ನು ಅರ್ಧ ಅವಳ ತಲೆಗೂ ಕಟ್ಟುವಂತೆ, "ನಿಂಗೇ ತಮಿಳು ಬತ್ತಿತ್ತಲ್ಲ. ಮೊದ್ಲೇ ನೀನೇ ಹೇಳ್ಬುಟ್ಟಿದ್ರೆ ನನ್ನುನ್ ಕೇಳೋ ಗೋಜೇ ಇರ್ತಿರ್ಲಿಲ್ಲ" ಎಂದೆ.

ದೊಡ್ಡಮ್ಮ ಕಿಟಕಿಯಿಂದ ಮುಖ ತಿರುಗಿಸಿದಳು.

"ನಂಗ್ ಬರಾಕಿಲ್ಲ ಅಂತ ನಿನ್ ಕೈಲಿ ಹೇಳ್ಸಾಕೆ ಹೋದ್ನಾ? ಐದು ವರ್ಷ ಗೊತ್ತಿದ್ದೂ ಸುಮ್ಕಿದ್ದೋಳು ನೀನು. ಇವತ್ತಾದ್ರೂ ಅವ್ಳೇ ಹೇಳ್ಲಿ, ನನ್ ತಂಗಿ ಮಗಳು ಗೆಲ್ಲಲಿ ಅಂತ ಆ ಮಾತ್ನ ನಿನ್ ಮುಂದಿಕ್ಕಿದ್ದೆ ಕಣಮ್ಮಿ. ನೀನು ತಗಳ್ಲಿಲ್ಲ."